ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಎಂಜಿನ್ ತಾನಾಗಿಯೇ ರೇಸ್ ಆಗುತ್ತಿದೆ: ಬುಲೆಟ್ ಥ್ರಾಟಲ್ ಕೇಬಲ್ ಬಗ್ಗೆ ಸಲಹೆ ಬೇಕು

ಹಾಸನ_350

ಎಲ್ಲರಿಗೂ ನಮಸ್ಕಾರ. ನನ್ನದು 1998ರ ಬುಲೆಟ್ 350. ಎರಕದ ಕಬ್ಬಿಣದ ಎಂಜಿನ್, ಮಿಕ್‌ಕಾರ್ಬ್ ಕಾರ್ಬುರೇಟರ್. ಅಪ್ಪ ಓಡಿಸುತ್ತಿದ್ದ ಗಾಡಿ. ಬೆನ್ನುನೋವಿನ ಕಾರಣಕ್ಕೆ ಎರಡು ತಿಂಗಳ ಹಿಂದೆ ಮೂಲ ಹ್ಯಾಂಡಲ್ ತೆಗೆದು, ಆರು ಅಂಗುಲ ಎತ್ತರದ ಹ್ಯಾಂಡಲ್ ಹಾಕಿಸಿದೆ. ಕ್ಲಚ್ ಮತ್ತು ಮುಂದಿನ ಬ್ರೇಕಿಗೆ ಉದ್ದದ ಕೇಬಲ್ ಹಾಕಿದರು. ಥ್ರಾಟಲ್ ಕೇಬಲ್ ಮಾತ್ರ ಹಳೆಯದೇ ಸಾಕಾಗುತ್ತದೆ ಎಂದು ಬೇರೆ ದಾರಿಯಲ್ಲಿ ಎಳೆದು ಕೂರಿಸಿದರು.

ಈಗ ಎರಡು ತೊಂದರೆಗಳಿವೆ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ನಾನು ಮುಟ್ಟದೆಯೇ ಎಂಜಿನ್ ವೇಗ ಏರುತ್ತದೆ. ಇನ್ನೊಂದು, ಅರ್ಧ ಗಂಟೆ ಓಡಿಸಿದ ಮೇಲೆ ಥ್ರಾಟಲ್ ಬಿಟ್ಟರೆ ಥಟ್ಟನೆ ಹಿಂದಕ್ಕೆ ಬರುವುದಿಲ್ಲ, ನಿಧಾನವಾಗಿ ಜಾರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿರುತ್ತದೆ.

ಕಳೆದ ಭಾನುವಾರ ಚನ್ನರಾಯಪಟ್ಟಣದ ಹತ್ತಿರ ಗಾಡಿ ಹಿಂದಕ್ಕೆ ತಿರುಗಿಸುವಾಗ ರೇಸ್ ಏರಿ ರಸ್ತೆಯ ಅಂಚಿನ ಮಣ್ಣಿಗೆ ನುಗ್ಗಿದೆ. ಹಿಂದೆ ಹೆಂಡತಿ ಕುಳಿತಿದ್ದಳು. ಬೀಳಲಿಲ್ಲ, ಆದರೆ ಅಂದಿನಿಂದ ಗಾಡಿ ತೆಗೆಯಲು ಕೈ ನಡುಗುತ್ತಿದೆ. ಮೆಕ್ಯಾನಿಕ್ ಬಳಿ ಹೋದರೆ ಐಡ್ಲಿಂಗ್ ಕಡಿಮೆ ಮಾಡಿ ಕಳುಹಿಸಿದರು. ಯಾವ ಕಡೆಯಿಂದ ಶುರು ಮಾಡಲಿ?

ಚಾರ್ಮಾಡಿ_ತಿರುವು

ಮೊದಲು ಒಂದು ಮಾತು: ಇದು ಸರಿಯಾಗುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಅಂಗಡಿಗೆ ಹಾಲು ತರಲೂ ಬೇಡ.

ಎಡಕ್ಕೆ ತಿರುಗಿಸಿದಾಗ ಮಾತ್ರ ರೇಸ್ ಏರುತ್ತದೆ ಎಂದರೆ ಕೇಬಲ್ ಗಿಡ್ಡವಾಗಿದೆ. ಹ್ಯಾಂಡಲ್ ಎಡಕ್ಕೆ ಹೋದಾಗ ಬಲಗೈ ಹಿಡಿ ಮುಂದಕ್ಕೆ, ಚೌಕಟ್ಟಿನಿಂದ ದೂರಕ್ಕೆ ಸರಿಯುತ್ತದೆ. ಕೇಬಲಿನ ಹೊರಕವಚಕ್ಕೆ ಅಷ್ಟು ಉದ್ದವಿಲ್ಲದಿದ್ದರೆ ಅದು ಬಿಗಿದುಕೊಂಡು ತಾನು ಕೂರುವ ಗುಂಡಿಯಿಂದ ಮೇಲೆದ್ದು ಬರುತ್ತದೆ. ಆಗ ಒಳತಂತಿ ಎಳೆದಂತಾಗಿ ಕಾರ್ಬುರೇಟರಿನ ಸ್ಲೈಡ್, ಅಂದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತುಂಡು, ಮೇಲೇಳುತ್ತದೆ. ನೀವು ಹಿಡಿಯನ್ನು ತಿರುಗಿಸಿದರೂ ಕೇಬಲ್ ಎಳೆದರೂ ಎಂಜಿನ್ನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಜೆಸಿರಸ್ತೆ_ಹಳಬ

ಹ್ಯಾಂಡಲ್ ಆರು ಅಂಗುಲ ಮೇಲೆ ಹೋಗಿದೆ, ಕೇಬಲ್ ಅಲ್ಲಿಯೇ ಇದೆ. ಇದರಲ್ಲಿ ಹುಡುಕುವುದು ಏನಿದೆ? ಉದ್ದದ ಕೇಬಲ್ ಹಾಕಿಸಿ.

ತಿಪಟೂರು_ಗ್ಯಾರೇಜು

ಹಳಬರು ಹೇಳಿದ್ದು ಅರ್ಧ ಸರಿ. ಮೊದಲನೆಯ ತೊಂದರೆಗೆ ಉತ್ತರ ಸಿಕ್ಕಿತು, ಎರಡನೆಯದಕ್ಕೆ ಸಿಗಲಿಲ್ಲ. ಬಿಸಿಯಾದ ಮೇಲೆ ಮಾತ್ರ ನಿಧಾನವಾಗುವುದು ಗಿಡ್ಡ ಕೇಬಲಿನ ಲಕ್ಷಣವಲ್ಲ. ಎರಡನ್ನೂ ಒಂದೇ ರೋಗ ಎಂದುಕೊಂಡು ಹೊಸ ಕೇಬಲ್ ಹಾಕಿ, ಸರಿಯಾಯಿತು ಎಂದು ಹೊರಟರೆ ಮತ್ತೆ ಅದೇ ರಸ್ತೆಯಂಚಿಗೆ ಹೋಗುತ್ತೀರಿ.

ಇಪ್ಪತ್ತೆರಡು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಥ್ರಾಟಲ್ ಹಿಂದಕ್ಕೆ ಬಾರದಿದ್ದರೆ ಕಾರಣ ಮೂರು ಕಡೆಗಳಲ್ಲಿ ಇರಬಹುದು. ಹಿಡಿ, ಕೇಬಲ್, ಸ್ಲೈಡ್. ಈ ಮೂರನ್ನೂ ಬಿಡಿಸಿ ಬೇರೆ ಬೇರೆಯಾಗಿ ನೋಡದೆ ಯಾವುದನ್ನೂ ಬದಲಾಯಿಸಬೇಡಿ. ಹಿಡಿಯ ತಿರುಪು ಬಿಚ್ಚಿ ಕೇಬಲಿನ ನಿಪ್ಪಲ್, ಅಂದರೆ ತಂತಿಯ ತುದಿಯ ಲೋಹದ ಗುಂಡು, ತೆಗೆಯಿರಿ. ಈಗ ಬರಿಯ ಹಿಡಿ ಹ್ಯಾಂಡಲಿನ ಮೇಲೆ ಸಲೀಸಾಗಿ ತಿರುಗಬೇಕು. ಹೊಸ ಹ್ಯಾಂಡಲಿನ ತುದಿಯಲ್ಲಿ ಕತ್ತರಿಸಿದ ಚೂಪು ಉಳಿದಿದ್ದರೆ, ಕ್ರೋಮ್ ದಪ್ಪವಾಗಿದ್ದರೆ, ರಬ್ಬರ್ ಗ್ರಿಪ್ ಒಳಗೆ ಜಾರಿ ಸ್ವಿಚ್ಚಿಗೆ ತಾಗುತ್ತಿದ್ದರೆ ಅಲ್ಲಿಯೇ ಹಿಡಿಯುತ್ತದೆ. ತುದಿಗೆ ಭಾರದ ಗುಂಡು ಹಾಕಿಸಿದ್ದರೆ ಅದನ್ನು ಒಂದು ಸುತ್ತು ಸಡಿಲಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಕಾರಣ ಅಷ್ಟೇ ಆಗಿರುತ್ತದೆ.

ಆಮೇಲೆ ಕಾರ್ಬುರೇಟರಿನ ಮುಚ್ಚಳ ಬಿಚ್ಚಿ ಸ್ಲೈಡನ್ನು ಹೊರಗೆ ತೆಗೆಯಿರಿ. ಸ್ಪ್ರಿಂಗ್ ಒತ್ತಿ ಕೇಬಲ್ ಬಿಡಿಸಿ. ಬರಿಯ ಸ್ಲೈಡನ್ನು ಮತ್ತೆ ಒಳಗೆ ಬಿಡಿ. ತನ್ನ ಭಾರಕ್ಕೆ ತಾನೇ ಇಳಿದು ‘ಟಕ್’ ಎಂದು ಸದ್ದು ಮಾಡಬೇಕು. ಸದ್ದು ಬಾರದಿದ್ದರೆ ಕಸ, ಗೀರು ಅಥವಾ ಕಾರ್ಬುರೇಟರಿನ ಮೈ ಬಾಗಿರುವುದು ಕಾರಣ. ಮುಖ್ಯವಾದದ್ದು: ಈ ಪರೀಕ್ಷೆಯನ್ನು ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ ಒಮ್ಮೆ ಮಾಡಿ. ಬಿಸಿ ಎಂಜಿನ್ನಿನ ಪಕ್ಕ ಪೆಟ್ರೋಲ್ ಇರುತ್ತದೆ. ಟ್ಯಾಂಕಿನ ನಲ್ಲಿ ಮುಚ್ಚಿ, ಬೀಡಿ ಸೇದುವವರನ್ನು ದೂರವಿಡಿ.

ಉಳಿದದ್ದು ಕೇಬಲ್. ಎರಡು ತುದಿಗಳೂ ಬಿಡುವಾಗಿದ್ದಾಗ ಒಳತಂತಿಯನ್ನು ಬೆರಳಿನಿಂದ ಹಿಂದೆ ಮುಂದೆ ಎಳೆಯಿರಿ. ಎಲ್ಲಿಯೂ ತಡೆ ಸಿಗಬಾರದು.

ಕಲಬುರಗಿ_ಬಿಸಿಲು

ಕ್ಷಮಿಸಿ, ನನಗೆ ಇದು ಕೇಬಲ್ ಎನಿಸುತ್ತಿಲ್ಲ. ಬಿಸಿಯಾದ ಮೇಲೆ ಐಡ್ಲಿಂಗ್ ಏರಿ ನಿಧಾನವಾಗಿ ಇಳಿಯುವುದು ಗಾಳಿ ಸೋರಿಕೆಯ ಲಕ್ಷಣ. ಕಾರ್ಬುರೇಟರ್ ಮತ್ತು ಹೆಡ್ಡಿನ ನಡುವಿನ ಗ್ಯಾಸ್ಕೆಟ್ ಹೋಗಿರಬಹುದು. ಬೇಸಿಗೆಯಲ್ಲಿ ನನ್ನ ಗಾಡಿಗೆ ಇದೇ ಆಗಿತ್ತು. ಮೂರು ಕೇಬಲ್ ಬದಲಾಯಿಸಿ ಹಣ ಕಳೆದ ಮೇಲೆ ಒಂದು ಸಣ್ಣ ಗ್ಯಾಸ್ಕೆಟ್ ಹಾಕಿದಾಗ ಸರಿಹೋಯಿತು.

ಚಾರ್ಮಾಡಿ_ತಿರುವು

ಗಾಳಿ ಸೋರಿಕೆಗೆ ಹ್ಯಾಂಡಲ್ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗುವುದಿಲ್ಲವಲ್ಲ?

ಕಲಬುರಗಿ_ಬಿಸಿಲು

ಎಡಬಲದ ಮಾತು ಮೊದಲನೆಯ ತೊಂದರೆಗೆ. ನಾನು ಹೇಳುತ್ತಿರುವುದು ಎರಡನೆಯದಕ್ಕೆ. ಎರಡೂ ಒಟ್ಟಿಗೆ ಇರಬಾರದು ಎಂದು ನಿಯಮವಿದೆಯೇ?

ತಿಪಟೂರು_ಗ್ಯಾರೇಜು

ಬಿಸಿಲು ಅವರ ಮಾತನ್ನು ತಳ್ಳಿಹಾಕಬೇಡಿ. ಆದರೆ ವ್ಯತ್ಯಾಸ ಪತ್ತೆ ಮಾಡುವುದು ಸುಲಭ. ಗಾಳಿ ಸೋರಿಕೆಯಾದರೆ ಹಿಡಿ ಪೂರ್ತಿ ಹಿಂದಕ್ಕೆ ಬಂದಿರುತ್ತದೆ, ಎಂಜಿನ್ ಮಾತ್ರ ಇಳಿಯುವುದಿಲ್ಲ. ಕೇಬಲ್ ಹಿಡಿಯುತ್ತಿದ್ದರೆ ಕೈಯಲ್ಲಿನ ಹಿಡಿಯೇ ಹಿಂದಕ್ಕೆ ಬರುವುದಿಲ್ಲ. ಹಾಸನದವರೇ, ನಿಮ್ಮದು ಯಾವುದು?

ಹಾಸನ_350

ಹಿಡಿಯೇ ನಿಧಾನವಾಗಿ ಬರುತ್ತದೆ. ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಎಂಜಿನ್ ಕೂಡಲೇ ಇಳಿಯುತ್ತದೆ.

ಕಲಬುರಗಿ_ಬಿಸಿಲು

ಹಾಗಾದರೆ ನನ್ನ ಊಹೆ ತಪ್ಪು. ಗ್ಯಾಸ್ಕೆಟ್ ಮುಟ್ಟಬೇಡಿ.

ಕಾನೂನು_ನೋಡಿ

ಯಾರೂ ಹೇಳದ ಮಾತನ್ನು ನಾನು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದು ಸೇರಿಸಲಾಗಿದೆ. ಮೂಲ ಹ್ಯಾಂಡಲ್ ಮತ್ತೆ ಹಾಕಿದರೆ ಕೇಬಲ್ ಚಿಂತೆಯೂ ಹೋಗುತ್ತದೆ, ದಂಡದ ಚಿಂತೆಯೂ ಹೋಗುತ್ತದೆ.

ಜೆಸಿರಸ್ತೆ_ಹಳಬ

ಅವರು ಕೇಳಿದ್ದು ಕೇಬಲ್ ಬಗ್ಗೆ. ಬೆನ್ನುನೋವು ಇರುವವನಿಗೆ ಕಾಯ್ದೆಯ ಪುಸ್ತಕ ಓದಿಸಿ ಏನು ಪ್ರಯೋಜನ?

ಕಾನೂನು_ನೋಡಿ

ಅಪಘಾತವಾದ ದಿನ ಪ್ರಯೋಜನ ತಿಳಿಯುತ್ತದೆ. ವಿಮೆಯವರು ಬಂದು ಗಾಡಿ ನೋಡಿದಾಗ ಮೊದಲು ಕಾಣುವುದು ಆ ಹ್ಯಾಂಡಲ್. ನಾನು ಯಾರನ್ನೂ ಹೆದರಿಸುತ್ತಿಲ್ಲ. ನನ್ನ ಭಾವನ ವಿಷಯದಲ್ಲಿ ಎಂಟು ತಿಂಗಳು ಅಲೆದವನು ನಾನು, ಅದಕ್ಕೆ ಹೇಳುತ್ತಿದ್ದೇನೆ.

ಹಾಸನ_350

ನಿಮ್ಮ ಮಾತನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಹ್ಯಾಂಡಲ್ ಬಗ್ಗೆ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುತ್ತೇನೆ. ಆದರೆ ಯಾವ ಹ್ಯಾಂಡಲ್ ಇದ್ದರೂ ಈಗಿನ ದೋಷ ಏನೆಂದು ತಿಳಿಯದೆ ನನಗೆ ಸಮಾಧಾನವಿಲ್ಲ.

ದಾವಣಗೆರೆ_ಆರ್‌ಎಕ್ಸ್

ಕೇಬಲ್ ವಿಷಯ ಬಂದದ್ದರಿಂದ ನನ್ನ ಕಥೆ ಹೇಳಲೇಬೇಕು. ಬುಲೆಟ್‌ನವರು ಒಂದು ತಂತಿಯ ಕಷ್ಟ ಹೇಳುತ್ತೀರಿ, ನಮ್ಮ ಯಮಹಾ ಆರ್‌ಎಕ್ಸ್ 100ರಲ್ಲಿ ಹಿಡಿಯಿಂದ ಹೊರಟ ಕೇಬಲ್ ಮಧ್ಯದಲ್ಲಿ ಎರಡಾಗುತ್ತದೆ. ಒಂದು ಕವಲು ಕಾರ್ಬುರೇಟರಿಗೆ, ಇನ್ನೊಂದು ಆಟೋಲ್ಯೂಬ್ ಆಯಿಲ್ ಪಂಪಿಗೆ. ಇದು ಟೂ ಸ್ಟ್ರೋಕ್ ಎಂಜಿನ್, ಆಯಿಲ್ ಪೆಟ್ರೋಲಿನೊಡನೆಯೇ ಉರಿಯುತ್ತದೆ. ರೇಸ್ ಹೆಚ್ಚಾದಷ್ಟೂ ಪಂಪು ಹೆಚ್ಚು ಆಯಿಲ್ ಕೊಡಬೇಕು, ಅದಕ್ಕೆ ಈ ಏರ್ಪಾಡು.

ಕಾಲೇಜು ಮುಗಿಸಿದ ವರ್ಷ ನಾನು ತಗ್ಗಿನ ಹ್ಯಾಂಡಲ್ ಹಾಕಿಸಿ, ಕೇಬಲ್ ಗಿಡ್ಡ ಮಾಡಿಸಿದೆ. ಮಾಡಿದವರು ಕಾರ್ಬುರೇಟರಿನ ಕವಲನ್ನು ಅಳತೆಗೆ ಸರಿಯಾಗಿ ಕತ್ತರಿಸಿದರು. ಪಂಪಿನ ಕವಲು ಎಂಟು ಹತ್ತು ಮಿಲಿಮೀಟರ್ ಸಡಿಲ ಉಳಿಯಿತು. ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು, ಎಳೆತವೂ ಚೆನ್ನಾಗಿತ್ತು, ಹೊಗೆಯಂತೂ ಕಡಿಮೆಯಾಗಿತ್ತು. ಹೊಗೆ ಕಡಿಮೆಯಾದದ್ದನ್ನು ನೋಡಿ ಸಂತೋಷಪಟ್ಟೆ. ಎಂಜಿನ್ನಿಗೆ ಆಯಿಲ್ ಸಿಗುತ್ತಿಲ್ಲ ಎಂದು ಅದರ ಅರ್ಥ ಎಂಬುದು ಹೊಳೆಯಲಿಲ್ಲ.

ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಪಿಸ್ಟನ್ ಸೀಜ್ ಆಯಿತು. ಹಿಂದಿನ ಚಕ್ರ ಲಾಕ್ ಆಗಿ ಇಪ್ಪತ್ತು ಅಡಿ ಎಳೆದುಕೊಂಡು ಹೋಯಿತು. ಕ್ಲಚ್ ಹಿಡಿಯಬೇಕೆಂದು ಹೊಳೆದದ್ದರಿಂದ ಬದುಕಿದೆ. ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸುವಷ್ಟು ಖರ್ಚು ಬಂತು. ಆರ್‌ಎಕ್ಸ್ ಇಟ್ಟುಕೊಂಡು ಹ್ಯಾಂಡಲ್ ಬದಲಾಯಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಪಂಪಿನ ರಾಟೆಯ ಮೇಲಿನ ಗುರುತನ್ನು ಕೈಪಿಡಿಯಲ್ಲಿ ಹೇಳಿದಂತೆ ಹೊಂದಿಸಿ, ಆಮೇಲೆ ಗಾಡಿ ಹತ್ತಿ. ಮೊದಲು ಕಾರ್ಬುರೇಟರ್ ಕವಲು, ನಂತರ ಪಂಪಿನ ಕವಲು. ಈ ಕ್ರಮ ತಪ್ಪಬಾರದು.

ತಿಪಟೂರು_ಗ್ಯಾರೇಜು

ಪಂಪು ಬಿಚ್ಚಿಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸುವವರು ಬಹಳ. ಅವರ ಗಾಡಿಗಳಲ್ಲಿ ಆ ಎರಡನೆಯ ಕವಲನ್ನು ಕತ್ತರಿಸದೆ ಹಾಗೆಯೇ ನೇತುಹಾಕಿರುತ್ತಾರೆ. ಅದು ಎಲ್ಲಿಯಾದರೂ ಸಿಕ್ಕಿಕೊಂಡರೆ ಥ್ರಾಟಲ್ ತೆರೆದೇ ಉಳಿಯುತ್ತದೆ. ಪಂಪು ತೆಗೆದರೆ ಒಂದೇ ತಂತಿಯ ಕೇಬಲ್ ಹಾಕಿಸಿ.

ಮೈಸೂರು_ಜಾವಾ_ಮನೆ

ಆರ್‌ಎಕ್ಸ್ ಬಂದ ಮೇಲೆ ಜಾವಾ ಬಾರದೇ ಇರುತ್ತದೆಯೇ? ನಮ್ಮ ತಂದೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜೋಡಣೆಯ ಕೆಲಸದಲ್ಲಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿಯೇ. ಮನೆಯಲ್ಲಿ ಈಗಲೂ ಅವರ ಹಳೆಯ ಜಾವಾ ಇದೆ. ಅದರ ಹಿಡಿಯ ರಚನೆಯೇ ಬೇರೆ. ಹಿಡಿಯೊಳಗೆ ಸುರುಳಿಯಾಕಾರದ ಕೊರೆತ ಇದೆ. ಹಿಡಿ ತಿರುಗಿಸಿದರೆ ಹ್ಯಾಂಡಲಿನ ಕೊಳವೆಯೊಳಗೆ ಒಂದು ತುಂಡು ಅಡ್ಡಡ್ಡ ಸರಿಯುತ್ತದೆ, ಕೇಬಲ್ ಅದಕ್ಕೆ ಸಿಕ್ಕಿಸಿಕೊಂಡು ಕೊಳವೆಯ ಒಳಗಿನಿಂದಲೇ ಹೋಗುತ್ತದೆ. ಹೊರಗೆ ಕಾಣುವುದೇ ಇಲ್ಲ. ಅಷ್ಟು ಅಂದ.

ತಂದೆ ಹೇಳುತ್ತಿದ್ದರು: ಹಿಡಿ ಭಾರವಾಯಿತು ಎಂದು ಬರುವ ಹತ್ತು ಜಾವಾಗಳಲ್ಲಿ ಒಂಬತ್ತರಲ್ಲಿ ಕೇಬಲ್ ಸರಿಯಾಗಿಯೇ ಇರುತ್ತದೆ, ಆ ಸುರುಳಿಯಲ್ಲಿನ ಗ್ರೀಸ್ ಒಣಗಿ ಅಂಟಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಹಚ್ಚಿದರೆ ಬೆಣ್ಣೆಯಂತೆ ತಿರುಗುತ್ತದೆ. ಇಂಥ ಗಾಡಿಗೆ ಬೇರೆ ಹ್ಯಾಂಡಲ್ ಹಾಕಲು ಹೊರಟವರು ಹಿಡಿಯನ್ನೂ ಬದಲಾಯಿಸಬೇಕಾಗುತ್ತದೆ. ಏಕೆಂದರೆ ಮಾಮೂಲಿ ಹ್ಯಾಂಡಲಿನಲ್ಲಿ ಆ ತುಂಡು ಸರಿಯಲು ಸೀಳು ಇರುವುದಿಲ್ಲ.

ಜೆಸಿರಸ್ತೆ_ಹಳಬ

ಜುಲೈ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನಕ್ಕೆ ಆ ಗಾಡಿ ಬೆಂಗಳೂರಿಗೆ ತನ್ನಿ. ನೋಡಬೇಕು.

ಮೈಸೂರು_ಜಾವಾ_ಮನೆ

ತರುತ್ತೇನೆ. ತಂದೆಯವರು ಹೋದ ಮೇಲೆ ಒಮ್ಮೆಯೂ ತಂದಿಲ್ಲ, ಈ ಬಾರಿ ತರುತ್ತೇನೆ.

ಕುಂದಾಪುರ_ಕಡಲು

ನಮ್ಮ ಕಡೆ ಉಪ್ಪು ಗಾಳಿಗೆ ಕೇಬಲ್ ಎರಡು ಮಳೆಗಾಲ ಬಾಳಿದರೆ ಹೆಚ್ಚು. ಹಳೆಯ ಕೇಬಲ್ ಬಿಗಿಯಾದರೆ ಎಣ್ಣೆ ಬಿಡುವುದು ರೂಢಿ. ಒಂದು ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ, ಕೇಬಲಿನ ಮೇಲ್ತುದಿಗೆ ದಾರದಿಂದ ಬಿಗಿದು, ಆಲಿಕೆಯಂತೆ ಮಾಡಿ ಎಣ್ಣೆ ಸುರಿಯಬೇಕು. ಗೋಡೆಯ ಮೊಳೆಗೆ ರಾತ್ರಿಯಿಡೀ ನೇತುಹಾಕಿದರೆ ಬೆಳಿಗ್ಗೆ ಕೆಳತುದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿರುತ್ತದೆ. ಶುದ್ಧ ಎಣ್ಣೆ ಇಳಿಯುವವರೆಗೆ ಬಿಡಿ. ಮನೆಯಲ್ಲಿ ತೆಂಗಿನೆಣ್ಣೆ ಇದ್ದರೂ ಸಾಕು.

ಮಡಿಕೇರಿ_ಮಂಜು

ತೆಂಗಿನೆಣ್ಣೆ ಖಂಡಿತ ಬೇಡ! 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ನಿಮ್ಮ ಕುಂದಾಪುರದ ಸೆಕೆಯಲ್ಲಿ ನಡೆಯುತ್ತದೆ. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ ಕೇಬಲಿನೊಳಗೆ ಮೇಣದ ಬತ್ತಿ ಮಾಡಿದಂತಾಗುತ್ತದೆ. ನಮ್ಮ ಮಾವ ಹೀಗೆಯೇ ಮಾಡಿ, ಥ್ರಾಟಲ್ ತಿರುಗಿಸಿದ್ದು ತಿರುಗಿಸಿದಂತೆಯೇ ನಿಂತು, ಕಾಫಿ ಗಿಡಗಳ ನಡುವೆ ಹೋಗಿ ನಿಂತಿದ್ದರು. ಹೊಲಿಗೆ ಯಂತ್ರದ ಎಣ್ಣೆ ಹಾಕಿ.

ಕುಂದಾಪುರ_ಕಡಲು

ಈ ವಿಷಯ ನನಗೆ ಹೊಳೆದಿರಲಿಲ್ಲ. ಸರಿ, ತೆಂಗಿನೆಣ್ಣೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ತಿಪಟೂರು_ಗ್ಯಾರೇಜು

ಇನ್ನೂ ಒಂದು ಸೇರಿಸಿ. ಹಳೆಯ ಕಾಲದ ಕೇಬಲಿನಲ್ಲಿ ಉಕ್ಕಿನ ಸುರುಳಿಯೊಳಗೆ ನೇರವಾಗಿ ಉಕ್ಕಿನ ತಂತಿ ಓಡುತ್ತಿತ್ತು. ಅದಕ್ಕೆ ಎಣ್ಣೆ ಬೇಕೇ ಬೇಕು. ಈಗಿನ ಕೇಬಲಿನಲ್ಲಿ ಒಳಗೆ ನೈಲಾನ್ ಅಥವಾ ಟೆಫ್ಲಾನ್ ಕೊಳವೆ ಇರುತ್ತದೆ. ಅದಕ್ಕೆ ಗ್ರೀಸ್ ತುರುಕಿದರೆ ಧೂಳು ಹಿಡಿದು ಅಂಟಾಗುತ್ತದೆ, ಎಣ್ಣೆ ಹಾಕದಿರುವುದೇ ಒಳ್ಳೆಯದು. ಯಾವ ಕೇಬಲ್ ಎಂದು ತಿಳಿದು ಎಣ್ಣೆ ಬಿಡಿ.

ರಾಯಚೂರು_ಹೆದ್ದಾರಿ

ಅಲ್ಲಾ, ನೀವೆಲ್ಲ ಥ್ರಾಟಲ್ ಕೇಬಲ್ ಎನ್ನುತ್ತಿದ್ದೀರಿ. ನಮ್ಮಲ್ಲಿ ‘ರೇಸ್ ವೈರ್’ ಎಂದು ಕೇಳಿದರೆ ಮಾತ್ರ ಅಂಗಡಿಯವರು ಕೊಡುತ್ತಾರೆ.

ಚಾರ್ಮಾಡಿ_ತಿರುವು

ನಮ್ಮಲ್ಲಿ ಎಕ್ಸಲರೇಟರ್ ಕೇಬಲ್. ಹೆಸರು ಏನೇ ಇರಲಿ, ಗಾಡಿಯ ಮಾದರಿ ಮತ್ತು ವರ್ಷ ಹೇಳಿ ಕೇಳಿ. ಬುಲೆಟ್‌ನಲ್ಲಿಯೇ ಕಾರ್ಬುರೇಟರ್ ಬದಲಾದ ಹಾಗೆ ಕೇಬಲಿನ ಕೆಳತುದಿಯೂ ಬದಲಾಗಿದೆ.

ಹಾಸನ_350

ಎರಡು ದಿನ ರಜೆ ಹಾಕಿ ತಿಪಟೂರಿನವರು ಹೇಳಿದಂತೆ ಒಂದೊಂದನ್ನೇ ನೋಡಿದೆ.

ಬರಿಯ ಹಿಡಿ ಸಲೀಸಾಗಿ ತಿರುಗುತ್ತದೆ. ಸ್ಲೈಡ್ ತಣ್ಣಗಿದ್ದಾಗಲೂ ಬಿಸಿಯಾದಾಗಲೂ ‘ಟಕ್’ ಎಂದು ಕೆಳಗೆ ಬೀಳುತ್ತದೆ. ಕೇಬಲಿನ ಒಳತಂತಿ ತಣ್ಣಗಿದ್ದಾಗ ಚೆನ್ನಾಗಿ ಓಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಎಳೆದರೆ ಮಧ್ಯದಲ್ಲಿ ಬೆಲ್ಲದ ಪಾಕದಲ್ಲಿ ಎಳೆದಂತೆ ಭಾರವಾಗುತ್ತದೆ.

ಟ್ಯಾಂಕ್ ಎತ್ತಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಕೇಬಲ್ ಗಿಡ್ಡವಾದದ್ದರಿಂದ ಅದನ್ನು ಮಾಮೂಲಿ ದಾರಿ ಬಿಟ್ಟು ನೇರವಾಗಿ ಎಳೆದಿದ್ದಾರೆ. ಎಂಜಿನ್ನಿನ ಹೆಡ್ಡಿಗೆ ಒರಗಿಕೊಂಡೇ ಹೋಗುತ್ತಿದೆ. ಮೇಲಿನ ಕಪ್ಪು ಪ್ಲಾಸ್ಟಿಕ್ ಅಲ್ಲಿ ಹೊಳಪಾಗಿ ಚಪ್ಪಟೆಯಾಗಿದೆ. ಜೊತೆಗೆ ಅದು ಜಾರದಿರಲಿ ಎಂದು ಚೌಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ್ದಾರೆ.

ತಿಪಟೂರು_ಗ್ಯಾರೇಜು

ಸಿಕ್ಕಿತು. ಒಳಗಿನ ನೈಲಾನ್ ಬಿಸಿಗೆ ಮೆತ್ತಗಾಗಿ ತಂತಿಯನ್ನು ಹಿಡಿಯುತ್ತಿದೆ. ಎರಡೂ ತೊಂದರೆಗಳ ಬೇರು ಒಂದೇ, ಗಿಡ್ಡ ಕೇಬಲ್. ಮೊದಲು ಬೇರೆ ಬೇರೆ ರೋಗ ಎಂದಿದ್ದೆ, ಅದನ್ನು ತಿದ್ದಿಕೊಳ್ಳುತ್ತೇನೆ.

ಆ ಪ್ಲಾಸ್ಟಿಕ್ ಪಟ್ಟಿಯನ್ನೂ ಕತ್ತರಿಸಿ ಬಿಸಾಡಿ. ಹೊರಕವಚವನ್ನು ಎಲ್ಲಿಯೂ ಹಿಸುಕಿ ಕಟ್ಟಬಾರದು. ಹ್ಯಾಂಡಲ್ ತಿರುಗಿದಾಗ ಅದು ಸ್ವಲ್ಪ ಹಿಂದೆ ಮುಂದೆ ಸರಿಯಲೇಬೇಕು. ಸಡಿಲವಾದ ಬಳೆಯಂತಹ ಹಿಡಿಕೆಯೊಳಗೆ ತೂರಿಸಿ, ಅಷ್ಟೇ. ಟ್ಯಾಂಕ್ ಕೂರಿಸುವಾಗ ಚೌಕಟ್ಟಿಗೂ ಟ್ಯಾಂಕಿಗೂ ನಡುವೆ ಕೇಬಲ್ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಸರ್ವಿಸ್ ಮಾಡಿಸಿಕೊಂಡು ಬಂದ ದಿನವೇ ರೇಸ್ ಹಿಡಿಯಿತು ಎನ್ನುವವರಲ್ಲಿ ಅರ್ಧ ಜನರ ಕಾರಣ ಇದೇ.

ಹಾಸನ_350

ಬಹಳ ಧನ್ಯವಾದ. ಇನ್ನು ಉದ್ದದ ಕೇಬಲ್. ಹಾಸನದಲ್ಲಿ ಈ ಅಳತೆಯದು ಸಿಗುತ್ತಿಲ್ಲ. ಒಬ್ಬರು ಮಾಡಿಕೊಡುತ್ತೇನೆ ಎನ್ನುತ್ತಾರೆ. ಆರು ಅಂಗುಲ ಹೆಚ್ಚಿಗೆ ಎಂದು ಹೇಳಿದರೆ ಸಾಕೇ?

ಬೆಳಗಾವಿ_ಲೇತ್

ಸಾಲದು. ಇಲ್ಲಿಯೇ ಎಲ್ಲರೂ ತಪ್ಪುವುದು, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕೇಬಲಿಗೆ ಎರಡು ಅಳತೆಗಳಿವೆ. ಹೊರಕವಚದ ಉದ್ದ ಒಂದು, ಒಳತಂತಿಯ ಉದ್ದ ಇನ್ನೊಂದು. ಇವೆರಡರ ವ್ಯತ್ಯಾಸವೇ ಕೇಬಲಿನ ಜೀವ. ಹಿಡಿಯಲ್ಲಿ ಮತ್ತು ಕಾರ್ಬುರೇಟರಿನಲ್ಲಿ ಹೊರಗೆ ಕಾಣುವ ತಂತಿ ಅಷ್ಟೇ ಇರಬೇಕು, ಹ್ಯಾಂಡಲ್ ಎಷ್ಟೇ ಎತ್ತರ ಹೋದರೂ ಆ ವ್ಯತ್ಯಾಸ ಬದಲಾಗಬಾರದು. ಉದಾಹರಣೆಗೆ ಹಳೆಯ ಕೇಬಲಿನಲ್ಲಿ ಹೊರಕವಚ 900 ಮಿ.ಮೀ., ಒಳತಂತಿ 990 ಇದ್ದರೆ ವ್ಯತ್ಯಾಸ 90. ನಿಮಗೆ 150 ಹೆಚ್ಚು ಬೇಕಾದರೆ ಹೊರಕವಚ 1050, ಒಳತಂತಿ 1140. ಎರಡೂ ಒಂದೇ ಅಳತೆಯಷ್ಟು ಬೆಳೆಯಬೇಕು. ತಂತಿ ಐದು ಮಿಲಿಮೀಟರ್ ಕಡಿಮೆಯಾದರೆ ಸ್ಲೈಡ್ ಕೆಳಗೆ ಕೂರುವುದಿಲ್ಲ, ಹೆಚ್ಚಾದರೆ ಪೂರ್ತಿ ತೆರೆಯುವುದಿಲ್ಲ. ಹೊಂದಾಣಿಕೆ ತಿರುಪಿನಲ್ಲಿ ಸರಿಪಡಿಸಬಹುದಾದದ್ದು ಸ್ವಲ್ಪವೇ.

ಅಳೆಯುವಾಗ ಹೊರಕವಚವನ್ನು ಮೇಜಿನ ಮೇಲೆ ನೇರ ಮಾಡಿ, ತುದಿಗಳಲ್ಲಿರುವ ಲೋಹದ ಟೋಪಿಗಳನ್ನೂ ಸೇರಿಸಿ ಅಳೆಯಿರಿ. ಎಷ್ಟು ಹೆಚ್ಚಿಗೆ ಬೇಕು ಎಂಬುದನ್ನು ಊಹಿಸಬೇಡಿ. ಒಂದು ದಪ್ಪ ಹಗ್ಗವನ್ನು ಹಿಡಿಯಿಂದ ಕಾರ್ಬುರೇಟರಿನವರೆಗೆ ಸರಿಯಾದ ದಾರಿಯಲ್ಲಿ ಹಾಯಿಸಿ. ಹ್ಯಾಂಡಲ್ ಪೂರ್ತಿ ಎಡಕ್ಕಿದ್ದಾಗಲೂ ಸಡಿಲ ಉಳಿಯುವಂತೆ ನೋಡಿ, ಗುರುತು ಹಾಕಿ ಅಳೆಯಿರಿ. ತೀರಾ ಉದ್ದ ಮಾಡಿದರೂ ತೊಂದರೆ. ಸುತ್ತು ಹೆಚ್ಚಾದಷ್ಟೂ ಒಳಗೆ ಉಜ್ಜಾಟ ಹೆಚ್ಚು.

ಜೆಸಿರಸ್ತೆ_ಹಳಬ

ಅಷ್ಟು ಕಷ್ಟವೇಕೆ? ಹಳೆಯ ತಂತಿಗೆ ತಿರುಪಿನ ಜೋಡಣೆ ಹಾಕಿ ಉದ್ದ ಮಾಡಬಹುದು. ನಾನು ಮಾಡಿಸಿ ವರ್ಷವಾಯಿತು, ಏನೂ ಆಗಿಲ್ಲ.

ಬೆಳಗಾವಿ_ಲೇತ್

ಹಳಬರೇ, ದಯವಿಟ್ಟು ಈ ಸಲಹೆ ಕೊಡಬೇಡಿ. ಥ್ರಾಟಲ್ ಕೇಬಲ್ ತುಂಡಾದರೆ ಅಪಾಯವಿಲ್ಲ. ಸ್ಪ್ರಿಂಗ್ ಸ್ಲೈಡನ್ನು ಕೆಳಗೆ ತಳ್ಳುತ್ತದೆ, ಎಂಜಿನ್ ಐಡ್ಲಿಂಗಿಗೆ ಇಳಿಯುತ್ತದೆ, ನೀವು ಗಾಡಿ ತಳ್ಳಿಕೊಂಡು ಮನೆಗೆ ಬರುತ್ತೀರಿ. ಅಪಾಯವಿರುವುದು ಅರ್ಧ ಹರಿದ ತಂತಿಯಲ್ಲಿ. ಒಂದೆರಡು ಎಳೆಗಳು ಬಿಟ್ಟುಕೊಂಡು ಕವಚದ ಬಾಯಿಗೆ ಸಿಕ್ಕಿದರೆ ಥ್ರಾಟಲ್ ತೆರೆದ ಸ್ಥಿತಿಯಲ್ಲಿಯೇ ನಿಲ್ಲುತ್ತದೆ. ತಿರುಪು ಬಿಗಿದ ಜಾಗದಲ್ಲಿ ಎಳೆಗಳು ಮುರಿಯುವುದು ಖಂಡಿತ. ಬೇಕಾದರೆ ಇವತ್ತೇ ಬಿಚ್ಚಿ ನೋಡಿ.

ಚಾರ್ಮಾಡಿ_ತಿರುವು

ನಿಪ್ಪಲ್ ಬೆಸುಗೆಯನ್ನು ಮನೆಯಲ್ಲಿ ಮಾಡಬಹುದೇ? ಬೆಸುಗೆ ಕಡ್ಡಿ ನನ್ನ ಬಳಿ ಇದೆ.

ಬೆಳಗಾವಿ_ಲೇತ್

ಮಾಡಬಹುದು, ಆದರೆ ತಂತಿಯನ್ನು ನಿಪ್ಪಲಿಗೆ ತೂರಿಸಿ ಮೇಲೆ ಒಂದು ಹನಿ ಸೀಸ ಬಿಟ್ಟರೆ ಅದು ಬೆಸುಗೆಯಲ್ಲ. ಹಿತ್ತಾಳೆ ನಿಪ್ಪಲಿನ ಒಂದು ಬದಿಯ ತೂತು ಅಗಲವಾಗಿರುತ್ತದೆ. ತಂತಿಯ ತುದಿ ಎರಡು ಮೂರು ಮಿಲಿಮೀಟರ್ ಹೊರಬರುವಂತೆ ಮಾಡಿ, ಎಳೆಗಳನ್ನು ಹೂವಿನಂತೆ ಅರಳಿಸಿ, ಹಿಂದಕ್ಕೆ ಎಳೆದು ಆ ಅಗಲ ಬಾಯಿಯಲ್ಲಿ ಕೂರಿಸಬೇಕು. ಆಮೇಲೆ ಬೆಸುಗೆ ಹಿಡಿಯಲು ಫ್ಲಕ್ಸ್ ಹಚ್ಚಿ, ಕರಗಿದ ಸೀಸದಲ್ಲಿ ಅದ್ದಬೇಕು. ಸಣ್ಣ ಬೆಸುಗೆ ಕಡ್ಡಿಯ ಬಿಸಿ ಸಾಲದು. ಸ್ಟೇನ್‌ಲೆಸ್ ತಂತಿಯಾದರೆ ರೇಡಿಯೋ ಅಂಗಡಿಯ ಫ್ಲಕ್ಸ್ ಹಿಡಿಯುವುದಿಲ್ಲ, ಆಮ್ಲದ ಫ್ಲಕ್ಸ್ ಬೇಕು. ಆಮ್ಲ ಬಳಸಿದರೆ ಅಡುಗೆ ಸೋಡಾ ನೀರಿನಲ್ಲಿ ತೊಳೆಯದೆ ಬಿಡಬೇಡಿ, ಉಳಿದರೆ ಒಳಗಿನಿಂದಲೇ ತಂತಿಯನ್ನು ತಿನ್ನುತ್ತದೆ.

ದಾವಣಗೆರೆ_ಆರ್‌ಎಕ್ಸ್

ಬೆಸುಗೆ ಹಾಕುವ ಮೊದಲು ಹೊಂದಾಣಿಕೆ ತಿರುಪು, ಟೋಪಿ, ರಬ್ಬರ್ ಎಲ್ಲವನ್ನೂ ತೂರಿಸಿಕೊಂಡಿದ್ದೀರಾ ನೋಡಿ. ಎರಡನೆಯ ನಿಪ್ಪಲ್ ಬಿದ್ದ ಮೇಲೆ ನೆನಪಾದರೆ ಮತ್ತೆ ಕರಗಿಸಬೇಕು.

ಜೆಸಿರಸ್ತೆ_ಹಳಬ

ಬಿಚ್ಚಿ ನೋಡಿದೆ. ತಿರುಪಿನ ಕೆಳಗೆ ಮೂರು ಎಳೆಗಳು ಹರಿದಿವೆ. ಲೇತ್ ಅವರಿಗೆ ನಮಸ್ಕಾರ. ನಾಳೆಯೇ ಹೊಸದು ಹಾಕಿಸುತ್ತೇನೆ.

ಹೊಸ_ಸವಾರ

ಓಡಿಸುವಾಗಲೇ ಥ್ರಾಟಲ್ ಸಿಕ್ಕಿಕೊಂಡರೆ ಏನು ಮಾಡಬೇಕು? ನಾನು ಕಲಿತು ಆರು ತಿಂಗಳಾಗಿದೆ.

ಚಾರ್ಮಾಡಿ_ತಿರುವು

ಕ್ಲಚ್ ಪೂರ್ತಿ ಹಿಡಿಯಿರಿ. ಎಂಜಿನ್ ಕಿರುಚುತ್ತದೆ, ಕಿರುಚಲಿ. ಎಂಜಿನ್ ನಿಲ್ಲಿಸುವ ಸ್ವಿಚ್ ಇದ್ದರೆ ಅದನ್ನು ಒತ್ತಿ, ಇಲ್ಲದಿದ್ದರೆ ಕೀಲಿ ತಿರುಗಿಸಿ. ಹ್ಯಾಂಡಲ್ ಲಾಕ್ ಕೀಲಿಯೊಡನೆಯೇ ಇರುವ ಗಾಡಿಗಳಲ್ಲಿ ಕೀಲಿಯನ್ನು ಆಫ್ ವರೆಗೆ ಮಾತ್ರ ತಿರುಗಿಸಿ. ಬ್ರೇಕ್ ಹಿಡಿದು ಅಂಚಿಗೆ ಬನ್ನಿ. ಗಾಡಿ ನಿಂತಿರುವಾಗ ಕಣ್ಣು ಮುಚ್ಚಿ ಆ ಸ್ವಿಚ್ಚನ್ನು ಹತ್ತು ಬಾರಿ ಹುಡುಕಿ ಒತ್ತಿ ಅಭ್ಯಾಸ ಮಾಡಿ.

ಹಾಸನ_350

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಹಗ್ಗ ಹಾಯಿಸಿ ಅಳೆದಾಗ ಬೇಕಾದದ್ದು ಆರು ಅಂಗುಲವಲ್ಲ, ಏಳೂವರೆ. ಲೇತ್ ಅವರ ಮಾತು ಕೇಳದಿದ್ದರೆ ಮತ್ತೆ ಗಿಡ್ಡವಾಗುತ್ತಿತ್ತು. ಕೇಬಲ್ ಮಾಡುವವರ ಮುಂದೆಯೇ ಕುಳಿತು ಎರಡು ಅಳತೆಗಳನ್ನೂ ಬರೆದುಕೊಟ್ಟು ಮಾಡಿಸಿದೆ. ಅವರೂ ಆಸಕ್ತಿಯಿಂದ ಮಾಡಿದರು.

ಮಾಮೂಲಿ ದಾರಿಯಲ್ಲಿಯೇ ಟ್ಯಾಂಕಿನ ಕೆಳಗೆ ಹಾಯಿಸಿದೆ, ಹೆಡ್ಡಿನಿಂದ ಮೂರು ಬೆರಳು ದೂರ. ಹಿಡಿಯಲ್ಲಿ ಮೂರು ಮಿಲಿಮೀಟರಿನಷ್ಟು ಸಡಿಲ ಬಿಟ್ಟಿದ್ದೇನೆ. ಎಂಜಿನ್ ಓಡುತ್ತಿರುವಾಗ ಎಡದ ತುದಿಯಿಂದ ಬಲದ ತುದಿಗೆ ಇಪ್ಪತ್ತು ಬಾರಿ ತಿರುಗಿಸಿದೆ, ಐಡ್ಲಿಂಗ್ ಅಲುಗಲಿಲ್ಲ. ನಲವತ್ತು ಕಿಲೋಮೀಟರ್ ಓಡಿಸಿ ಬಂದು ಬಿಸಿಯಲ್ಲಿಯೇ ಹಿಡಿ ತಿರುಗಿಸಿ ಬಿಟ್ಟೆ. ‘ಚಟ್’ ಎಂದು ಹಿಂದಕ್ಕೆ ಬಂತು.

ಹಳೆಯ ಕೇಬಲನ್ನು ಬ್ಲೇಡಿನಿಂದ ಉದ್ದಕ್ಕೂ ಸೀಳಿದೆ. ಹೆಡ್ಡಿಗೆ ಒರಗಿದ್ದ ಜಾಗದಲ್ಲಿ ಎರಡು ಅಂಗುಲದಷ್ಟು ನೈಲಾನ್ ಕರಗಿ ತಂತಿಗೆ ಮೆತ್ತಿಕೊಂಡಿದೆ. ಆರ್‌ಟಿಓ ಕಚೇರಿಗೂ ಹೋಗಿದ್ದೆ, ಮೂಲ ಹ್ಯಾಂಡಲ್ ಇಟ್ಟುಕೊಳ್ಳುವುದೇ ಒಳ್ಳೆಯದು ಎಂದರು. ಬೆನ್ನಿನ ವೈದ್ಯರ ಬಳಿ ಮಾತನಾಡಿ ತೀರ್ಮಾನಿಸುತ್ತೇನೆ.

ಕಾನೂನು_ನೋಡಿ

ಹೋಗಿ ವಿಚಾರಿಸಿದ್ದು ಒಳ್ಳೆಯದಾಯಿತು. ಮೂಲ ಹ್ಯಾಂಡಲ್ ಹಾಕಿದ ದಿನ ಈ ಉದ್ದದ ಕೇಬಲ್ ಉಳಿಸಬೇಡಿ, ಸುತ್ತಿಕೊಂಡು ಬೇರೆ ತೊಂದರೆ ಕೊಡುತ್ತದೆ.

ತಿಪಟೂರು_ಗ್ಯಾರೇಜು

ಸೀಳಿದ ಆ ಕೇಬಲಿನ ಫೋಟೋ ಹಾಕಿ. ಅಂಗಡಿಯ ಗೋಡೆಗೆ ಅಂಟಿಸುತ್ತೇನೆ, ಹುಡುಗರಿಗೆ ತೋರಿಸಲು. ಮತ್ತೆ ಒಂದು ತಿಂಗಳಿಗೆ ಸಡಿಲ ನೋಡಿ, ಹೊಸ ಕವಚ ಸ್ವಲ್ಪ ಕೂರುತ್ತದೆ.

ರಾಯಚೂರು_ಹೆದ್ದಾರಿ

ಅದೇ ಎತ್ತರದ ಹ್ಯಾಂಡಲ್ ನನ್ನ ಬಳಿಯೂ ಇದೆ. ನಿಮ್ಮ ರೇಸ್ ವೈರಿನ ಅಳತೆ ಕೊಡುತ್ತೀರಾ?

ಹಾಸನ_350

ಕೊಡುತ್ತೇನೆ, ಆದರೆ ನೀವು ಹಗ್ಗ ಹಾಯಿಸಿ ಅಳೆದ ಮೇಲೆ. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡೋಣ.